ಸಾಸ್ವೆಹಳ್ಳಿಯ ಕಾರು, ಆಗುಂಬೆಯ ಮಂಜು

ಸಾಸ್ವೆಹಳ್ಳಿಯಲ್ಲಿ ಕಾರಿನ ಹೀಟರ್ ಕೆಟ್ಟಿದೆ ಎಂದು ಯಾರಾದರೂ ಹೇಳಿದರೆ ಕೇಳಿದವರು ಮೊದಲು ನಗುತ್ತಾರೆ. ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಒಂದಾಗಿ, ತುಂಗಭದ್ರೆಯೆಂಬ ಹೆಸರು ಹೊತ್ತು ಹೊನ್ನಾಳಿಯತ್ತ ಹರಿಯುವ ಸೀಮೆ ಇದು. ಭತ್ತ, ಅಡಿಕೆ, ಮೆಕ್ಕೆಜೋಳದ ನಾಡು. ಮಾರ್ಚ್ ಬಂತೆಂದರೆ ನೆತ್ತಿ ಸುಡುವ ಬಿಸಿಲು. ಇಲ್ಲಿ ಹೀಟರ್ ಯಾರಿಗೆ ಬೇಕು? 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಹೊನ್ನಾಳಿ ತಾಲ್ಲೂಕಿನೊಂದಿಗೆ ಈ ಹೋಬಳಿಯೂ ಶಿವಮೊಗ್ಗವನ್ನು ಬಿಟ್ಟುಬಂತು. ಆದರೆ ಬಿಟ್ಟುಬಂದದ್ದು ಕಾಗದದ ಮೇಲೆ ಮಾತ್ರ. ನೆಂಟಸ್ತಿಕೆ, ಆಸ್ಪತ್ರೆ ಎಂದು ಜನ ಈಗಲೂ ಮಲೆನಾಡಿನ ದಾರಿ ಹಿಡಿಯುತ್ತಾರೆ. ಬಯಲಿನ ಕಾರಿಗೆ ಹೀಟರ್ ನೆನಪಾಗುವುದು ಆ ದಾರಿಯಲ್ಲಿ.

ಊರಿನ ಒಂದು ಕುಟುಂಬಕ್ಕೆ ಅದು ನೆನಪಾದದ್ದು ಒಂದು ಜುಲೈ ತಿಂಗಳ ಬೆಳಗಿನ ಜಾವ. ಮನೆಯ ಅಜ್ಜಿಯನ್ನು ತಿಂಗಳಿಗೊಮ್ಮೆ ಮಣಿಪಾಲದ ಆಸ್ಪತ್ರೆಗೆ ತೋರಿಸಬೇಕಿತ್ತು. ಕಾರು ಇಪ್ಪತ್ತು ದಾಟಿದ ಮುದುಕ, ಎ.ಸಿ. ಸತ್ತು ಎಷ್ಟೋ ವರ್ಷವಾಗಿತ್ತು. ಶಿವಮೊಗ್ಗ, ಗಾಜನೂರು, ಮಂಡಗದ್ದೆ, ತೀರ್ಥಹಳ್ಳಿ ದಾಟಿ ಆಗುಂಬೆ ತಲುಪುವ ಹೊತ್ತಿಗೆ ಮುಂದಿನ ಗಾಜಿನ ಒಳಮೈಗೆ ಮಂಜು ಕವಿಯಿತು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು ಆಗುಂಬೆ. ಅಲ್ಲಿಂದ ಸೋಮೇಶ್ವರಕ್ಕೆ ಇಳಿಯುವ ಘಾಟಿಯಲ್ಲಿ 14 ಕಡಿದಾದ ತಿರುವುಗಳು. ಟವೆಲ್ಲಿನಿಂದ ಒರೆಸಿದಷ್ಟೂ ಗಾಜು ಮತ್ತೆ ಮಸುಕಾಯಿತು. ಎದುರಿನ ವಾಹನದ ಬೆಳಕು ಗಾಜಿನ ತುಂಬ ಹರಡಿ, ರಸ್ತೆಯ ಅಂಚು ಎಲ್ಲಿ, ಕಂದಕ ಎಲ್ಲಿ ಎಂದೇ ತಿಳಿಯದಾಯಿತು. ಕೊನೆಗೆ ಕಿಟಕಿ ಇಳಿಸಿಕೊಂಡು ಆಮೆಯಂತೆ ಇಳಿದರು. ಗಾಜು ತಿಳಿಯಾಯಿತು, ಅಜ್ಜಿ ನೆನೆದು ನಡುಗಿದರು.

ತಣ್ಣೀರಿನ ಲೋಟದ ಹೊರಮೈ ಬೆವರುವುದನ್ನು ಎಲ್ಲರೂ ಕಂಡಿದ್ದಾರೆ. ಮುಚ್ಚಿದ ಕಾರಿನೊಳಗೆ ನಾಲ್ಕು ಜನರ ಉಸಿರು, ಒದ್ದೆ ಕೊಡೆ, ಒದ್ದೆ ಚಪ್ಪಲಿ. ಹೊರಗಿನ ಮಳೆಗೆ ತಣ್ಣಗಾದ ಗಾಜು. ಆವಿ ಹೋಗಿ ಅಲ್ಲಿ ಹನಿಯಾಗುತ್ತದೆ. ಹೊರಗಿನಿಂದ ಎಳೆದ ಗಾಳಿಯನ್ನು ಬಿಸಿಮಾಡಿ ಗಾಜಿಗೆ ಊದಿದರೆ ಗಾಜು ಬೆಚ್ಚಗಾಗಿ ಹನಿಗಳು ಆರುತ್ತವೆ. ಮಲೆನಾಡಿನಲ್ಲಿ ಹೀಟರಿನ ನಿಜವಾದ ಕೆಲಸ ಇದೇ, ಕಾಲು ಕಾಯಿಸಿಕೊಳ್ಳುವುದಲ್ಲ.

ಮರುವಾರ ಗ್ಯಾರೇಜಿನಲ್ಲಿ ಮೇಸ್ತ್ರಿ ಇಂಜಿನ್ ಚಾಲು ಮಾಡಿ ಹದಿನೈದು ನಿಮಿಷ ಬಿಟ್ಟು ಗುಂಡಿ ತಿರುಗಿಸಿದ. ಬಿಸಿಗಾಳಿ ಬಂತು. ‘ಹೀಟ್ರು ಸರಿಯಾಗೇ ಐತಲ್ಲ ಗೌಡ್ರೇ’ ಎಂದ. ಕಣ್ಣೆದುರಿಗೇ ಬಿಸಿಗಾಳಿ ಬರುತ್ತಿರುವಾಗ ವಾದಿಸುವುದು ಹೇಗೆ? ಆಗಸ್ಟಿನ ಪ್ರಯಾಣದಲ್ಲಿ ಅದೇ ಕಥೆ ಮತ್ತೆ ನಡೆಯಿತು.

ಆದರೆ ಈ ಸಲ ಪಿಯುಸಿ ಓದುವ ಮಗಳು ಅಪ್ಪನ ಪಕ್ಕ ಕುಳಿತು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಳು. ತೀರ್ಥಹಳ್ಳಿಯಲ್ಲಿ ಇಂಜಿನ್ ಆರಿಸದೆ ಚಹಾಕ್ಕೆ ನಿಂತಾಗ ಶಾಖ ತೋರಿಸುವ ಮುಳ್ಳು ನಡುವಿಗೆ ಏರಿತು, ಗಾಳಿ ಬಿಸಿ. ಹೊರಟು ಐದಾರು ಕಿಲೋಮೀಟರ್ ಓಡಿದ ಮೇಲೆ ಮುಳ್ಳು ಕೆಳಗಿಳಿಯಿತು, ಗಾಳಿ ತಣ್ಣಗೆ. ಘಾಟಿ ಇಳಿಯುವಾಗ ಮುಳ್ಳು ತಳ ಬಿಟ್ಟು ಏಳಲೇ ಇಲ್ಲ. ನಿಂತರೆ ಬಿಸಿ, ಓಡಿದರೆ ತಣ್ಣಗೆ. ಇಷ್ಟೇ ಬರಹ.

ಅದನ್ನು ಓದಿಸಿಕೊಂಡ ಮೇಸ್ತ್ರಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹೀಟರಿಗೆ ತನ್ನದೇ ಒಲೆ ಇಲ್ಲ. ಪೆಟ್ರೋಲ್ ಉರಿದ ಶಾಖದಲ್ಲಿ ಚಕ್ರ ತಿರುಗಿಸಲು ಒದಗುವುದು ಸ್ಥೂಲವಾಗಿ ಕಾಲುಭಾಗ. ಉಳಿದದ್ದರಲ್ಲಿ ಹೆಚ್ಚಿನದು ಹೊಗೆಯೊಂದಿಗೂ ಇಂಜಿನ್ನಿನ ಸುತ್ತ ಹರಿಯುವ ನೀರಿನೊಂದಿಗೂ ಹೋಗುತ್ತದೆ. ಆ ಬಿಸಿನೀರನ್ನೇ ಡ್ಯಾಶ್‌ಬೋರ್ಡಿನ ಹಿಂದಿರುವ ಪುಟ್ಟ ರೇಡಿಯೇಟರಿನಲ್ಲಿ ಹರಿಸಿ, ಅದರ ಮೇಲೆ ಫ್ಯಾನಿನಿಂದ ಗಾಳಿ ಹಾಯಿಸಿದರೆ ಅದೇ ಹೀಟರ್. ಇಂಜಿನ್ ಬೆಚ್ಚಗಾಗದಿದ್ದರೆ ಹೀಟರ್ ಏನು ಮಾಡೀತು?

ಇಂಜಿನ್ ಬೇಗ ಬಿಸಿಯಾಗಿ, ಆ ಬಿಸಿಯನ್ನು ಉಳಿಸಿಕೊಳ್ಳಲು ನೀರಿನ ದಾರಿಯಲ್ಲಿ ಥರ್ಮೋಸ್ಟಾಟ್ ಎಂಬ ಸಣ್ಣ ಬಾಗಿಲಿರುತ್ತದೆ. ಅದರೊಳಗೆ ಮೇಣ. ನೀರು ಸುಮಾರು 82 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಮೇಣ ಕರಗಿ ಹಿಗ್ಗಿ ಬಾಗಿಲನ್ನು ತಳ್ಳುತ್ತದೆ. ಆಗಲೇ ನೀರು ಮುಂದಿನ ದೊಡ್ಡ ರೇಡಿಯೇಟರಿಗೆ ಹೋಗುವುದು. ತಣಿದರೆ ಸ್ಪ್ರಿಂಗು ಬಾಗಿಲನ್ನು ಮುಚ್ಚುತ್ತದೆ. ಮೇಸ್ತ್ರಿ ಅದರ ಮುಚ್ಚಳ ಬಿಚ್ಚಿ ನೋಡಿದರೆ ಒಳಗೆ ಥರ್ಮೋಸ್ಟಾಟೇ ಇಲ್ಲ! ಯಾವುದೋ ಬೇಸಿಗೆಯಲ್ಲಿ ಇಂಜಿನ್ ಕಾಯುತ್ತದೆಂದು ಯಾರೋ ಕಿತ್ತೆಸೆದಿದ್ದರು. ಬಯಲುಸೀಮೆಯ ಹಳೆಯ ಗಾಡಿಗಳಿಗೆ ಈ ಚಿಕಿತ್ಸೆ ಹೊಸದಲ್ಲ. ಜ್ವರಕ್ಕೆ ಥರ್ಮಾಮೀಟರ್ ಬಿಸಾಡಿದಂತೆ. ಆ ಮೇಲೆ ನೀರು ಸದಾ ರೇಡಿಯೇಟರಿನಲ್ಲಿ ಸುತ್ತುತ್ತಲೇ ಇರುತ್ತದೆ. ಸಾಸ್ವೆಹಳ್ಳಿಯ ಬಿಸಿಲಲ್ಲಿ ನಿಂತರೆ ಹೇಗೋ ಕಾಯುತ್ತದೆ. ಆಗುಂಬೆಯ ಇಳಿಜಾರಿನಲ್ಲಿ ಇಂಜಿನ್ನಿಗೆ ಕೆಲಸ ಕಡಿಮೆ, ಮಳೆಗಾಳಿ ಜೋರು, ಹುಟ್ಟಿದ ಶಾಖವೆಲ್ಲ ಸೋರಿಹೋಗುತ್ತದೆ. ತಣ್ಣಗಿನ ಇಂಜಿನ್ ಪೆಟ್ರೋಲನ್ನೂ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ.

ಇದಕ್ಕೆ ತಿರುಗುಮುರುಗಾದ ಲಕ್ಷಣವೂ ಉಂಟು. ಓಡುವಾಗ ಬಿಸಿ, ನಿಂತಾಗ ತಣ್ಣಗೆ ಆದರೆ ನೀರು ಕಡಿಮೆಯಾಗಿದೆ, ಇಲ್ಲವೇ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿದೆ ಎಂದು ಮೊದಲ ಅನುಮಾನ. ಕಾರಿನೊಳಗೆ ಸಿಹಿ ವಾಸನೆ ಬಂದು ಗಾಜಿಗೆ ಜಿಡ್ಡು ಹತ್ತಿದರೆ ಹೀಟರೇ ಸೋರುತ್ತಿದೆ ಎಂದರ್ಥ.

‘ತಂಗೀ, ಈ ಎರಡು ಪೈಪು ಮುಟ್ಟಿ ನೋಡವ್ವ. ಹುಷಾರು, ಸುಡ್ತದೆ’ ಎಂದ ಮೇಸ್ತ್ರಿ, ಇಂಜಿನ್ ಆರಿಸಿ. ಹೀಟರಿಗೆ ನೀರು ಒಯ್ಯುವ ಪೈಪು ಮುಟ್ಟಲಾಗದಷ್ಟು ಬಿಸಿ. ಮರಳುವ ಪೈಪು ಉಗುರುಬೆಚ್ಚಗೆ. ಎರಡೂ ಬಿಸಿಯಿದ್ದರೆ ನೀರು ಸರಿ, ದೋಷ ಗಾಳಿಯ ದಾರಿಯದು. ಒಂದು ಮಾತ್ರ ಬಿಸಿಯಿದ್ದರೆ ಒಳಗೆ ಕಟ್ಟಿಕೊಂಡಿದೆ. ಇಷ್ಟು ವರ್ಷ ಈ ಕಾರಿಗೆ ಕುಡಿಸಿದ್ದು ತೋಟದ ಬೋರ್‌ವೆಲ್ ನೀರು. ಬಚ್ಚಲಿನ ಹಂಡೆಯೊಳಗೆ ಕಟ್ಟುವ ಬಿಳಿ ಪೊರೆಯೇ ಹೀಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟಿತ್ತು. ಪೈಪು ಕಳಚಿ ಹಿಮ್ಮುಖವಾಗಿ ನೀರು ಬಿಟ್ಟಾಗ ತುಕ್ಕಿನ ಕೆಂಪು ರಾಡಿಯೊಂದಿಗೆ ಬಿಳಿಯ ಚೂರುಗಳು ಉದುರಿದವು. ತಿಳಿನೀರು ಬರಲು ಅರ್ಧ ಗಂಟೆಯೇ ಬೇಕಾಯಿತು.

ಬಿಸಿ ಇಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಮಾತ್ರ ಎಂದೂ ತೆಗೆಯಬಾರದು. ಒಳಗಿನ ನೀರು ಒತ್ತಡದಲ್ಲಿದ್ದು 100 ಡಿಗ್ರಿ ದಾಟಿಯೂ ಕುದಿಯದೆ ಇರಬಲ್ಲದು. ಒತ್ತಡ ಇಳಿದೊಡನೆ ಉಕ್ಕಿ ಮುಖಕ್ಕೆ ಎರಚುತ್ತದೆ. ಹೊಸದಾಗಿ ಹಾಕಿಸಿದ ಕೂಲೆಂಟ್ ಸಿಹಿಯಾಗಿದ್ದರೂ ವಿಷ. ಮಕ್ಕಳ, ನಾಯಿಗಳ ಬಾಯಿಗೆ ಸಿಗದಂತೆ ಇಡಬೇಕು.

ಹೊಸ ಥರ್ಮೋಸ್ಟಾಟನ್ನು ಹಾಕಿಸುವ ಮುನ್ನ ಮಗಳು ಅದನ್ನು ಮನೆಗೊಯ್ದಳು. ಒಂದು ಹಳೆಯ ಪಾತ್ರೆಯ ನೀರಿನಲ್ಲಿ ದಾರದಿಂದ ಇಳಿಬಿಟ್ಟು, ಕಾಲೇಜಿನಿಂದ ತಂದ ಥರ್ಮಾಮೀಟರನ್ನೂ ಇಳಿಸಿ, ಅಪ್ಪನನ್ನು ಪಕ್ಕ ನಿಲ್ಲಿಸಿಕೊಂಡು ಒಲೆ ಹೊತ್ತಿಸಿದಳು. 70 ಆಯಿತು, 75 ಆಯಿತು, ಏನೂ ಇಲ್ಲ. ‘ಇದೂ ಕೆಟ್ಟದ್ದೇ ಕೊಟ್ಟವ್ರೆ’ ಎಂದು ಅಪ್ಪ ಗೊಣಗುವಷ್ಟರಲ್ಲಿ, 82ರ ಆಸುಪಾಸಿನಲ್ಲಿ ಕೂದಲೆಳೆಯಷ್ಟು ಸಂದಿ ಬಿಟ್ಟಿತು. ‘ಅಪ್ಪಾಜಿ, ನೋಡಿ!’ 90 ದಾಟುವಾಗ ಬಾಗಿಲು ಚೆನ್ನಾಗಿ ತೆರೆದಿತ್ತು. ಒಲೆ ಆರಿಸಿದ ಮೇಲೆ ಮೆಲ್ಲಗೆ ಮುಚ್ಚಿಕೊಂಡಿತು.

ಸೆಪ್ಟೆಂಬರಿನಲ್ಲಿ ಮತ್ತೆ ಮಣಿಪಾಲ. ಮಂಡಗದ್ದೆಯ ಬಳಿ ತುಂಗೆಯ ಮೇಲಿನ ಮಂಜು ರಸ್ತೆಗೂ ಇಳಿದಿತ್ತು; ಮುಳ್ಳು ನಡುವಿನಿಂದ ಅಲುಗಲಿಲ್ಲ. ಆಗುಂಬೆಯಲ್ಲಿ ಮಳೆ ಹಿಡಿಯಿತು. ಗಾಜಿಗೆ ಮುಸುಕು ಕವಿಯಲು ಶುರುವಾದೊಡನೆ ಅಪ್ಪ ಗುಂಡಿ ತಿರುಗಿಸಿದರು. ಗಾಜಿನ ಕೆಳ ಅಂಚಿನಲ್ಲಿ ಎರಡು ಅಂಗೈಯಷ್ಟು ಜಾಗ ತಿಳಿಯಾಯಿತು. ಅವು ಮೇಲೇರಿ, ಹರಡಿ, ಒಂದನ್ನೊಂದು ಕೂಡಿಕೊಂಡವು. ಮೊದಲ ತಿರುವಿನ ಬಿಳಿ ಕಲ್ಲುಗಳು ಒಂದೊಂದಾಗಿ ಕಂಡವು. ಏಳೆಂಟು ತಿರುವು ಇಳಿದ ಮೇಲೆ ಹಿಂದಿನ ಸೀಟಿನಿಂದ ಅಜ್ಜಿಯ ದನಿ ಬಂತು: ‘ಸಾಕು ಕಣೋ, ಸೆಕೆ ಆಗ್ತೈತಿ. ವಸಿ ಕಮ್ಮಿ ಮಾಡು.’