ಮೊಳಕೆಯ ಕಾವಲು

ಬಿತ್ತಿದವನು ಮೊಳಕೆಯನ್ನು ದಿನದಿನವೂ ಕಿತ್ತು ನೋಡುವುದಿಲ್ಲ. ಹಾಗೆಂದು ಹೊಲದ ಕಡೆ ಕಣ್ಣು ಹಾಯಿಸದೆಯೂ ಇರುವುದಿಲ್ಲ. ಶಿಶುವಿಹಾರದ ಅಧ್ಯಾಪಿಕೆಯ ಧರ್ಮವೂ ಇದೇ. ಮಗುವನ್ನು ಪರೀಕ್ಷಿಸುವುದು ಬೇರೆ, ಲಕ್ಷಿಸುವುದು ಬೇರೆ.

1975ರ ಗಾಂಧೀ ಜಯಂತಿಯಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಕರ್ನಾಟಕದಲ್ಲಿ ಮೊದಲು ಕಾಲಿಟ್ಟುದು ತಿರುಮಕೂಡಲು ನರಸೀಪುರದಲ್ಲಿ. ಅಂಗನವಾಡಿಯ ತಕ್ಕಡಿ ಅಂದಿನಿಂದ ಕಲಿಸುತ್ತ ಬಂದ ಪಾಠವೊಂದುಂಟು: ಒಂದು ದಿನದ ತೂಕಕ್ಕಿಂತ, ತಿಂಗಳು ತಿಂಗಳಿನ ಚುಕ್ಕೆಗಳನ್ನು ಕೂಡಿಸಿದ ಗೆರೆಯ ದಿಕ್ಕೇ ಮುಖ್ಯ. ಹುಟ್ಟಿದಾಗಿನ ತೂಕ ಸುಮಾರು ಐದು ತಿಂಗಳಿಗೆ ಇಮ್ಮಡಿಯಾಗಿ, ವರ್ಷಕ್ಕೆ ಮುಮ್ಮಡಿಯಾಗಬೇಕು. ಗೆರೆ ಏರದೆ ಮಲಗಿತೆಂದರೆ, ಕಣ್ಣಿಗೆ ಸೊರಗು ಕಾಣುವ ಮೊದಲೇ ಅದು ಎಚ್ಚರಿಸುತ್ತದೆ.

ಆದರೆ ತಕ್ಕಡಿಗೆ ಸಿಕ್ಕದ ಕೊರತೆಗಳೂ ಉಂಟು. ಮೈಸೂರು ಸೀಮೆಯ ಶಿಶುವಿಹಾರವೊಂದರಲ್ಲಿ ಮೂರು ವರ್ಷದ ಬಾಲಕನೊಬ್ಬನ ಹೆಸರಿನ ಮುಂದೆ ಅಧ್ಯಾಪಿಕೆ ‘ಹಟಮಾರಿ’ ಎಂದು ಬರೆದರು. ಮರುವಾರ ಆ ಮಾತನ್ನು ತಾವೇ ಹೊಡೆದು, ಕಂಡುದನ್ನಷ್ಟೇ ಬರೆಯತೊಡಗಿದರು: ‘ಎದುರು ನಿಂತು ಕರೆದರೆ ನಗುತ್ತಾನೆ. ಬೆನ್ನ ಹಿಂದಿನಿಂದ ಕರೆದರೆ ತಿರುಗುವುದಿಲ್ಲ. ಹಾಡಿಗೆ ಚಪ್ಪಾಳೆ ತಟ್ಟುವಾಗ ಇತರರ ಕೈ ನೋಡಿ ತಟ್ಟುತ್ತಾನೆ.’ ಮೂರು ವಾರದ ಬರಹವನ್ನು ಒಟ್ಟಿಗೆ ಓದಿದಾಗ ಹಟ ಮಾಯವಾಗಿ, ಕಿವಿಯ ಸಂದೇಹ ಉಳಿಯಿತು. ಎರಡು ವರ್ಷಕ್ಕೆ ಎರಡೆರಡು ಪದ ಜೋಡಿಸಬೇಕಾದ ಮಗು ಮೂರಾದರೂ ಜೋಡಿಸಿರಲಿಲ್ಲ.

“ಅವರಪ್ಪನಿಗೂ ಮಾತು ತಡವಾಗೇ ಬಂದದ್ದು, ಟೀಚರಮ್ಮ” ಎಂದಳು ತಾಯಿ. ಅಧ್ಯಾಪಿಕೆ ವಾದಿಸಲಿಲ್ಲ. “ನೀನೇ ಹಿಂದೆ ನಿಂತು ಒಂದು ಸಲ ಕರೆದು ನೋಡವ್ವ” ಎಂದರು. ತಾಯಿ ಕರೆದಳು, ಇನ್ನಷ್ಟು ಗಟ್ಟಿಯಾಗಿ ಕರೆದಳು. ಬಾಲಕ ಮರದ ತುಂಡುಗಳನ್ನು ಜೋಡಿಸುತ್ತಲೇ ಇದ್ದ. ಮೂರನೆಯ ಕರೆ ಅವಳ ಗಂಟಲಿನಲ್ಲೇ ಉಳಿಯಿತು.

1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಮಗುವನ್ನು ಕರೆದೊಯ್ದರು. ಸಂದೇಹ ನಿಜವಾಯಿತು, ಕಿವಿಗೆ ಯಂತ್ರ ಬಂತು, ಮಾತಿನ ಅಭ್ಯಾಸ ತೊಡಗಿತು. ಭಾಷೆ ಬೇರೂರುವ ಎಳೆಯ ವರ್ಷಗಳು ಮತ್ತೆ ಮರಳುವಂಥವಲ್ಲ. ಅವುಗಳಲ್ಲಿ ಕೆಲವು ಆಗಲೇ ಕಳೆದಿದ್ದುವು, ಉಳಿದವು ಉಳಿದುವು.

2021ರಿಂದ ಅಂಗನವಾಡಿಯ ಲೆಕ್ಕ ‘ಪೋಷಣ್ ಟ್ರ್ಯಾಕರ್’ ಎಂಬ ಹೆಸರಿನಲ್ಲಿ ಮೊಬೈಲಿಗೆ ಏರಿದೆ. ಅನುಕೂಲವೇ ಸರಿ. ಆದರೆ ಬರೆದುದನ್ನು ಮರಳಿ ಓದದಿದ್ದರೆ, ಓದಿ ಎದ್ದು ಮಗುವಿನ ಮನೆಗೆ ನಡೆಯದಿದ್ದರೆ, ಲೆಕ್ಕ ಬರಿಯ ಲೆಕ್ಕವೇ.

ಆ ಅಧ್ಯಾಪಿಕೆಯ ಪುಸ್ತಕದಲ್ಲಿ ‘ಹಟಮಾರಿ’ ಎಂಬ ಪದ ಈಗಲೂ ಇದೆ, ಅದರ ಮೇಲೆಳೆದ ಗೆರೆಯೂ ಇದೆ. ಕೆಲವು ಹಾಳೆಗಳಾಚೆ ಒಂದೇ ಸಾಲು: ‘ಇಂದು ಹಿಂದಿನಿಂದ ಕರೆದೆ. ತಿರುಗಿದ.’