ಸಂಧಿಪತ್ರದೊಳಗಿನ ಲೆಕ್ಕ

ರಾಷ್ಟ್ರಗೌರವದ ಹೆಸರಿನಲ್ಲಿ ಸಾರಿದ ಯುದ್ಧಕ್ಕೂ ಅನೇಕ ವೇಳೆ ವರ್ತಕರ ಲೆಕ್ಕದ ಕಡತದಲ್ಲಿಯೇ ಬೇರಿರುತ್ತದೆ. ಚೀನದ ಚಹಕ್ಕೆ ಬೆಳ್ಳಿಯನ್ನು ತೆರುತ್ತಿದ್ದ ಆಂಗ್ಲ ವರ್ತಕರು, ಭಾರತದ ರೈತರು ಬೆಳೆದ ಅಫೀಮನ್ನು ಅಲ್ಲಿಗೆ ಕಳ್ಳದಾರಿಯಿಂದ ಸಾಗಿಸಿ ಆ ಬೆಳ್ಳಿಯನ್ನು ಮರಳಿ ಸೆಳೆದರು. 1839ರಲ್ಲಿ ಚೀನದ ಅಧಿಕಾರಿ ಲಿನ್ ಝೆಷು 20,000ಕ್ಕೂ ಮಿಕ್ಕ ಪೆಟ್ಟಿಗೆಗಳ ಅಫೀಮನ್ನು ವಶಪಡಿಸಿಕೊಂಡು ನಾಶಗೊಳಿಸಿದನು. ಬ್ರಿಟನ್ ಇದನ್ನು ತನ್ನ ಮಾನಭಂಗವೆಂದು ಬಗೆದು ಯುದ್ಧನೌಕೆಗಳನ್ನು ಕಳುಹಿತು. 1842ರ ನಾನ್‌ಕಿಂಗ್ ಒಪ್ಪಂದದಂತೆ ಸೋತ ಚೀನ 2 ಕೋಟಿ 10 ಲಕ್ಷ ಬೆಳ್ಳಿಯ ಡಾಲರುಗಳನ್ನು ತೆರಬೇಕಾಯಿತು. ಅದರಲ್ಲಿ 60 ಲಕ್ಷ ಅಫೀಮಿನ ಬೆಲೆ, 30 ಲಕ್ಷ ವರ್ತಕರಿಗೆ ಬರಬೇಕಾಗಿದ್ದ ಸಾಲ, 1 ಕೋಟಿ 20 ಲಕ್ಷ ಯುದ್ಧದ ವೆಚ್ಚ. ಮಡಿದವರ ಪ್ರಾಣಕ್ಕೆ ಆ ಲೆಕ್ಕದಲ್ಲಿ ಬಾಬತ್ತೇ ಇರಲಿಲ್ಲ. ರಣಘೋಷ ಕಿವಿಗೆ ಬಿದ್ದಾಗ ಲಾಭ ಯಾರದೆಂದು ಮೊದಲು ಕೇಳುವುದು ವಿದ್ಯಾವಂತರ ಕರ್ತವ್ಯ.