ಒಂದೂವರೆ ನಿಮಿಷದ ಯಾತ್ರೆ

ನಮ್ಮ ಮನೆಯಲ್ಲಿ ಬಹುಕಾಲ ಉಚ್ಚರಿಸಬಾರದ ಶಬ್ದವೊಂದಿತ್ತು. ಅದು 'ರೇಸು'. ಅಡಕೆಯ ತೋಟದ ಒಂದು ಪಾಲೂ ಅಜ್ಜಿಯ ಒಡವೆಗಳೂ ಚಿಕ್ಕಪ್ಪನವರ ಕೈಯಿಂದ ಪಟ್ಟಣದ ಕುದುರೆಜೂಜಿನಲ್ಲಿ ಕರಗಿಹೋದವೆಂಬುದನ್ನು ನಾನು ಹುಡುಗನಾಗಿದ್ದಾಗ ದೊಡ್ಡವರ ಪಿಸುಮಾತಿನಿಂದ ತಿಳಿದುಕೊಂಡೆ. ತಂದೆಯವರು ಸಾಲವನ್ನು ತೀರಿಸಿದರು. ಆದರೆ ತಮ್ಮನೊಡನೆ ಮಾತು ಬಿಟ್ಟರು. ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವ ಅಣ್ಣತಮ್ಮಂದಿರು ಹನ್ನೊಂದು ವರ್ಷ ಒಬ್ಬರನ್ನೊಬ್ಬರು ಮಾತನಾಡಿಸಲಿಲ್ಲವೆಂದರೆ, ಆ ಮನೆಯ ಮೌನ ಎಂತಹುದೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ತಂದೆಯವರು ಈಗ ಇಲ್ಲ. ಎಂಬತ್ತನಾಲ್ಕರ ಚಿಕ್ಕಪ್ಪ ನಮ್ಮೊಡನೆಯೇ ಇದ್ದಾರೆ.

ಇಂಥ ಮನೆಯಲ್ಲಿ ಹುಟ್ಟಿದವನು ಕುದುರೆಯ ಓಟವೊಂದನ್ನು ನೋಡುವುದಕ್ಕಾಗಿಯೇ ಪರದೇಶಕ್ಕೆ ಹೊರಟಿದ್ದೇನೆಂದರೆ ನೆಂಟರು ನಗುವುದು ಸಹಜ. ಕಾರಣವನ್ನು ಹೇಳಿಬಿಡುತ್ತೇನೆ. ಒಂದು ಸಂಜೆ ಚಿಕ್ಕಪ್ಪ ಜಗಲಿಯಲ್ಲಿ ಕುಳಿತು, ಯಾರೂ ಕೇಳದೆಯೇ ಹೇಳಿದರು: "ಹಣ ಹೋದದ್ದು ನನ್ನ ತಪ್ಪು, ಒಪ್ಪಿದೆ. ಆದರೆ ನೋಡು, ಕುದುರೆ ತಿರುವಿನಲ್ಲಿ ಮೈಯೊಲೆದು ಬರುತ್ತದಲ್ಲ, ಅದನ್ನು ಒಂದು ಸಲವಾದರೂ ನೆಮ್ಮದಿಯಿಂದ ನೋಡಲಿಲ್ಲ ನಾನು. ಕಣ್ಣು ಕುದುರೆಯ ಮೇಲೆ, ಜೀವವೆಲ್ಲ ಕೈಯಲ್ಲಿದ್ದ ಚೀಟಿಯ ಮೇಲೆ." ಅಷ್ಟು ಹೇಳಿ ಒಳಗೆ ಹೋದರು. ಆ ಮಾತು ನನ್ನನ್ನು ಬಿಡಲಿಲ್ಲ. ಕೈಯಲ್ಲಿ ಚೀಟಿಯಿಲ್ಲದೆ ನೋಡಬಹುದಾದ ಓಟ ಲೋಕದಲ್ಲಿ ಎಲ್ಲಿಯಾದರೂ ಉಂಟೆ ಎಂದು ಹುಡುಕತೊಡಗಿದೆ.

ಹೆಸರಾಂತ ಓಟಗಳಿಗೇನು ಕೊರತೆಯಿಲ್ಲ. ಇಂಗ್ಲೆಂಡಿನ ಎಪ್ಸಮ್ಮಿನ ಡರ್ಬಿ 1780ರಲ್ಲಿ ಮೊದಲಾಯಿತು. ಆಸ್ಟ್ರೇಲಿಯದ ಮೆಲ್ಬರ್ನ್ ಕಪ್ಪು 1861ರಲ್ಲಿ. ನವೆಂಬರಿನ ಮೊದಲನೆಯ ಮಂಗಳವಾರ ಈ ಎರಡನೆಯದಕ್ಕಾಗಿ ಮೆಲ್ಬರ್ನ್ ನಗರಕ್ಕೆ ರಜೆಯನ್ನೇ ಕೊಡುತ್ತಾರೆ. ಆದರೆ ಇವೆರಡಕ್ಕೂ ಜೂಜಿನ ನಂಟು ಬಿಡಿಸಲಾರದಂತಹುದು. ಕೊನೆಗೆ ನನ್ನ ಮನಸ್ಸು ನಿಂತದ್ದು ಇಟಲಿಯ ಸಿಯೆನಾ ಎಂಬ ಹಳೆಯ ಊರಿನ 'ಪಾಲಿಯೊ' ಓಟದ ಮೇಲೆ.

ಸಿಯೆನಾ ಹದಿನೇಳು ಕೇರಿಗಳ ಊರು. ಹಂಸ, ಆಮೆ, ಬಸವನಹುಳು, ಗೂಬೆ, ಮುಳ್ಳುಹಂದಿ ಎಂದು ಮುಂತಾದ ಲಾಂಛನಗಳುಳ್ಳ ಈ ಕೇರಿಗಳ ಎಲ್ಲೆಯನ್ನು 1729ರಲ್ಲಿಯೇ ಗೊತ್ತುಮಾಡಿಟ್ಟಿದ್ದಾರೆ. ವರ್ಷಕ್ಕೆ ಎರಡು ಸಲ, ಜುಲೈ 2ರಂದು ಮತ್ತು ಆಗಸ್ಟ್ 16ರಂದು, ಹತ್ತು ಕೇರಿಗಳ ಕುದುರೆಗಳು ಊರ ನಡುವಿನ ಚೌಕದಲ್ಲಿ ಮಣ್ಣು ಹರಡಿದ ಹಾದಿಯ ಮೇಲೆ ಮೂರು ಸುತ್ತು ಓಡುತ್ತವೆ. ಸವಾರನಿಗೆ ಜೀನಿಲ್ಲ, ಬರಿಯ ಬೆನ್ನು. ಯಾವ ಕೇರಿಗೆ ಯಾವ ಕುದುರೆ ಎಂಬುದನ್ನು ಓಟಕ್ಕೆ ಮೂರು ದಿನ ಮುಂಚೆ ಚೀಟಿಯೆತ್ತಿ ನಿರ್ಧರಿಸುತ್ತಾರೆ. ಹಣವಂತ ಕೇರಿಯೆಂದು ಒಳ್ಳೆಯ ಕುದುರೆಯನ್ನು ಆರಿಸಿಕೊಳ್ಳುವಂತಿಲ್ಲ. ಗೆದ್ದವರಿಗೆ ದೊರೆಯುವುದು ಚಿತ್ರ ಬರೆದ ರೇಷ್ಮೆಯ ಪತಾಕೆ. ಎಲ್ಲಕ್ಕಿಂತ ವಿಚಿತ್ರವೆಂದರೆ, ಸವಾರ ಬಿದ್ದುಹೋದರೂ ಕುದುರೆ ಮೊದಲು ಮುಟ್ಟಿದರೆ ಗೆಲುವು ಅದರದೇ. ಇಷ್ಟೆಲ್ಲ ಮುಗಿಯಲು ಹಿಡಿಯುವ ಕಾಲ ಸುಮಾರು ಒಂದೂವರೆ ನಿಮಿಷ!

"ಒಂದೂವರೆ ನಿಮಿಷಕ್ಕೆ ಇಷ್ಟು ಖರ್ಚೆ?" ಎಂದಳು ನನ್ನಾಕೆ. ಉಪ್ಪಿಟ್ಟಿನ ಒಗ್ಗರಣೆಗೂ ಅದಕ್ಕಿಂತ ಹೆಚ್ಚು ಹೊತ್ತು ಬೇಕೆಂಬುದು ಅವಳ ವಾದ. ಉತ್ತರ ಹೊಳೆಯಲಿಲ್ಲ. ಲೆಕ್ಕ ಬರೆಯುತ್ತ ಕುಳಿತೆ. ವೀಸಾದ ಅರ್ಜಿಯನ್ನು ಹೊರಡುವುದಕ್ಕೆ ಆರು ತಿಂಗಳು ಮುಂಚಿನಿಂದ ಹಾಕಬಹುದು, ಹದಿನೈದು ದಿನಕ್ಕಿಂತ ತಡಮಾಡಬಾರದು. ವಿಮಾನದಲ್ಲಿ ರೋಮಿಗೆ, ಅಲ್ಲಿಂದ ರೈಲಿನಲ್ಲಿ ಫ್ಲಾರೆನ್ಸಿಗೆ, ಮುಂದೆ ಬಸ್ಸಿನಲ್ಲಿ ಒಂದು ಗಂಟೆಗಿಂತ ತುಸು ಹೆಚ್ಚಿನ ದಾರಿ. ಹಬ್ಬದ ದಿನಗಳಲ್ಲಿ ಸಿಯೆನಾದಲ್ಲಿ ಕೋಣೆ ದೊರೆಯುವುದು ಕಷ್ಟ; ಆದುದರಿಂದ ಫ್ಲಾರೆನ್ಸಿನಲ್ಲಿಯೇ ಬಿಡಾರ. ಮಳೆ ಬಂದರೆ ಓಟವನ್ನು ಮುಂದಕ್ಕೆ ಹಾಕುತ್ತಾರೆ. 2024ರ ಜುಲೈ ಓಟ ನಡೆದದ್ದು 4ರಂದು. ಆದ್ದರಿಂದ ಮರಳುವ ಟಿಕೀಟನ್ನು 20ಕ್ಕೆ ಇಟ್ಟುಕೊಂಡೆ. ಸುತ್ತಲಿನ ಮನೆಗಳ ಉಪ್ಪರಿಗೆಯಲ್ಲಿ ಕುಳಿತು ನೋಡುವುದಕ್ಕೆ ನನ್ನ ಪಿಂಚಣಿ ಸಾಲದು. ಚೌಕದ ನಡುವೆ ನಿಲ್ಲುವವರಿಗಾದರೋ ಒಂದು ಕಾಸೂ ಇಲ್ಲ. ಆದರೆ ಗಂಟೆಗಟ್ಟಲೆ ಬಿಸಿಲಲ್ಲಿ ನಿಲ್ಲಬೇಕು, ದಾರಿ ಮುಚ್ಚಿದ ಮೇಲೆ ಹೊರಬರುವುದು ಸುಲಭವಲ್ಲ. ನನ್ನ ಮೊಣಕಾಲುಗಳನ್ನು ಕೇಳಿದೆ. ಅವು ಒಪ್ಪಲಿಲ್ಲ, ಆದರೂ ನಿರ್ಧಾರ ನನ್ನದೇ ಆಯಿತು.

ಓದುತ್ತ ಹೋದಂತೆ ನನ್ನ ಉತ್ಸಾಹಕ್ಕೆ ಎರಡು ಪೆಟ್ಟು ಬಿದ್ದವು. ನೋಡುವವರ ಜೂಜು ಅಲ್ಲಿಲ್ಲವೆಂಬುದು ದಿಟ. ಆದರೆ ಕೇರಿಗಳು ತಮ್ಮತಮ್ಮಲ್ಲಿಯೂ ಸವಾರರೊಡನೆಯೂ ಗುಟ್ಟಾಗಿ ಹಣದ ಒಪ್ಪಂದ ಮಾಡಿಕೊಳ್ಳುವುದು ಊರಿಗೆಲ್ಲ ತಿಳಿದ ರಹಸ್ಯ. ಮತ್ತೊಂದು, ಆ ಕಡಿದಾದ ತಿರುವುಗಳಲ್ಲಿ ಬಿದ್ದು ಸತ್ತ ಕುದುರೆಗಳೂ ಉಂಟು. ಈಗ ಗೋಡೆಗೆ ಮೆತ್ತೆಗಳನ್ನು ಕಟ್ಟುತ್ತಾರೆ; ಆದರೂ ಪ್ರಾಣಿದಯೆಯುಳ್ಳವರ ಆಕ್ಷೇಪ ನಿಂತಿಲ್ಲ, ಅದು ಅಕಾರಣವೆಂದು ನಾನೂ ಹೇಳಲಾರೆ. ಹೋಗುವುದೇ ಬೇಡವೇನೋ ಎಂದು ಎರಡು ವಾರ ಅರ್ಜಿಯನ್ನು ಪೆಟ್ಟಿಗೆಯಲ್ಲಿಯೇ ಇಟ್ಟಿದ್ದೆ.

ಕೊನೆಗೆ ಎಲ್ಲವನ್ನೂ ಚಿಕ್ಕಪ್ಪನವರ ಮುಂದಿಟ್ಟೆ. ನಮ್ಮ ಮನೆಯಲ್ಲಿ ಆ ಶಬ್ದವನ್ನು ಗಟ್ಟಿಯಾಗಿ ಆಡಿದ್ದು ಅದೇ ಮೊದಲು. ಲಂಚದ ವಿಷಯ ಕೇಳಿ ಅವರು ನಕ್ಕರು. "ಸವಾರನಿಗೆ ಕೊಡಬಹುದು, ಕೇರಿಗೆ ಕೊಡಬಹುದು. ಕುದುರೆಗೆ ಕೊಡಲಾದೀತೆ? ಅದಕ್ಕೇ ಸವಾರನಿಲ್ಲದೆಯೂ ಗೆಲ್ಲುತ್ತದೆ." ಸತ್ತ ಕುದುರೆಗಳ ಮಾತು ಬಂದಾಗ ಮಾತ್ರ ಬಹಳ ಹೊತ್ತು ಸುಮ್ಮನಿದ್ದರು.

"ನೀವೂ ಬರುವಿರಾ?" ಎಂದೆ, ಉತ್ತರ ಗೊತ್ತಿದ್ದೂ.

"ನನ್ನ ಕಣ್ಣಿಗೆ ಈಗ ಬಾಗಿಲ ರಂಗೋಲಿಯೇ ಸರಿಯಾಗಿ ಕಾಣದು. ನೀನು ಹೋಗು. ಚೀಟಿಯಿಲ್ಲದ ಕೈಯಲ್ಲಿ ನೋಡಿಕೊಂಡು ಬಾ. ಬಂದು ತಿರುವಿನ ಸಂಗತಿಯನ್ನು ಹೇಳು. ಗೆದ್ದವರು ಯಾರೆಂಬುದು ನನಗೆ ಬೇಡ."

ಅಲ್ಲಿಯ ಇನ್ನೊಂದು ಪದ್ಧತಿಯನ್ನು ಹೇಳಿದೆ. ಓಟದ ದಿನ ಪ್ರತಿಯೊಂದು ಕೇರಿಯವರೂ ಕುದುರೆಯನ್ನು ತಮ್ಮ ಗುಡಿಯೊಳಕ್ಕೇ ಕರೆದೊಯ್ಯುತ್ತಾರೆ. ಪಾದ್ರಿಯು ಅದನ್ನು ಹರಸಿ, ಹೋಗಿ ಗೆದ್ದು ಬಾ ಎಂದು ಕಳುಹಿಸುತ್ತಾನೆ.

ಚಿಕ್ಕಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದರು. "ಬಾ ಎನ್ನುತ್ತಾರೆಯೆ?" ಎಂದರು. "ನನಗೆ ಅಣ್ಣ ಪ್ರತಿಸಲವೂ ಹೋಗಬೇಡ ಎಂದ. ಕೊನೆಯ ಸಲ, ಹೋಗು ಎಂದ. ಬಾ ಎನ್ನಲಿಲ್ಲ."

ಮರುದಿನ ಅರ್ಜಿಯನ್ನು ಹಾಕಲು ನಾನು ಪಟ್ಟಣಕ್ಕೆ ಹೊರಟಾಗ ಅವರು ಗೋಡೆ ಹಿಡಿದುಕೊಂಡು ಬಾಗಿಲವರೆಗೆ ಬಂದರು. ಕೇವಲ ಒಂದು ದಿನದ ದಾರಿ ಅದು. ಆದರೂ ಸಾವಧಾನವಾಗಿ, ಎರಡು ಪದಗಳನ್ನೂ ಬಿಡಿಬಿಡಿಯಾಗಿ, "ಹೋಗಿ, ಬಾ" ಎಂದರು.